ಬ್ಲೂ-ರೇಗೆ ತಕ್ಕ ರಿಸೀವರ್

ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದುದರಿಂದ, ಕೈಪಿಡಿಗಳನ್ನು ಓದಿ ಹೇಳುವ ಹೊಣೆ ನನ್ನದು. ಅಣ್ಣ ಕೂಲಿಯಲ್ಲಿ ಉಳಿಸಿದ ಹಣದಿಂದ, ಬ್ಲೂ-ರೇ ಪ್ಲೇಯರಿಗೆ ಹೊಂದಿ ಸ್ಪೀಕರುಗಳನ್ನು ನುಡಿಸುವ ಹಳೆಯ ರಿಸೀವರೊಂದನ್ನು ಕೊಳ್ಳಹೊರಟಾಗ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಅಂಗಡಿಯವರು ವ್ಯಾಟುಗಳನ್ನು ಹೊಗಳುವರು. ನಾವು ನೋಡಬೇಕಾದುದು ಯಂತ್ರದ ಬೆನ್ನನ್ನು. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಡಿಸ್ಕುಗಳು ಹಲವದರಲ್ಲಿ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ, ಮೂಲದಲ್ಲಿ ಒಂದಿಷ್ಟೂ ಕಳೆಯದ ಧ್ವನಿಮುದ್ರಣ ಇರುತ್ತದೆ. ಆಪ್ಟಿಕಲ್ ಕೇಬಲ್ಲಿಗೆ ಅದನ್ನು ಹೊರುವ ಶಕ್ತಿಯಿಲ್ಲ, ಎಚ್‌ಡಿಎಂಐ ಬೇಕು. ಆದರೆ ಆ ಕಿಂಡಿಯನ್ನು ಕಂಡೊಡನೆ ಹಣ ಎಣಿಸಲಾಗದು. ಕೆಲವು ಹಳೆಯ ರಿಸೀವರುಗಳು ಎಚ್‌ಡಿಎಂಐಯಲ್ಲಿ ಬಂದುದನ್ನು ಟೀವಿಗೆ ದಾಟಿಸುವುವೇ ಹೊರತು, ಅದರೊಳಗಿನ ಧ್ವನಿಯನ್ನು ಮುಟ್ಟವು!

ಮುಟ್ಟುವ ಯಂತ್ರವಾದರೆ, ಈ ಧ್ವನಿಯನ್ನು ಬಿಡಿಸಲು ತಾನು ಅರಿಯದಿದ್ದರೂ ಬಾಧಕವಿಲ್ಲ; ಬಲ್ಲ ಪ್ಲೇಯರು ತಾನೇ ಬಿಡಿಸಿ ಪಿಸಿಎಂ ರೂಪದಲ್ಲಿ ಕಳುಹಿಸೀತು. ರಿಸೀವರಿನ ಕೈಪಿಡಿಯಲ್ಲಿ, ಎಚ್‌ಡಿಎಂಐಯ ಪ್ರಸ್ತಾಪದೊಡನೆ ‘ಮಲ್ಟಿಚಾನೆಲ್ ಪಿಸಿಎಂ’ ಎಂಬ ಮಾತು ಸಿಕ್ಕುವ ತನಕ ಮುಂಗಡವನ್ನೂ ಕೊಡಲಾಗದು.