ಅಭ್ಯಾಸದ ಪ್ರವೇಶ ಮತ್ತು ನಿರ್ಗಮನ: ಇಂಗ್ಲಿಷಿನ ಕೆಲವು ಫ್ರೇಸಲ್ ಕ್ರಿಯಾಪದಗಳ ಅರ್ಥರಚನೆ

1. ಪ್ರಶ್ನೆಯ ಸ್ವರೂಪ

ಅಭ್ಯಾಸವನ್ನು ಸೂಚಿಸಲು ಇಂಗ್ಲಿಷ್ ವ್ಯಾಕರಣದಲ್ಲಿ ಸಾಧನಗಳ ಕೊರತೆಯಿಲ್ಲ. ಸರಳ ವರ್ತಮಾನಕಾಲ, ಭೂತಕಾಲದ ‘ಯೂಸ್ಡ್ ಟು’ ಮತ್ತು ‘ವುಡ್’ ಇವು ಎಲ್ಲರಿಗೂ ಪರಿಚಿತವಾದವು. ಬರ್ನಾರ್ಡ್ ಕಾಮ್ರಿ 1976ರ ‘ಆಸ್ಪೆಕ್ಟ್’ ಗ್ರಂಥದಲ್ಲಿ ಅಭ್ಯಾಸಾರ್ಥವನ್ನು ಒಂದು ದೀರ್ಘ ಕಾಲಾವಧಿಯ ಲಕ್ಷಣವೇ ಆಗಿಬಿಡುವ ಸನ್ನಿವೇಶವೆಂದು ವಿವರಿಸುತ್ತಾರೆ. ಮೇಲಿನ ವ್ಯಾಕರಣ ಸಾಧನಗಳು ಅಂಥ ಲಕ್ಷಣವೊಂದು ಇದೆ ಅಥವಾ ಇತ್ತು ಎಂದು ಹೇಳುತ್ತವೆ. ‘ಯೂಸ್ಡ್ ಟು’ ಅದು ಈಗ ಇಲ್ಲವೆಂಬ ಸೂಚನೆಯನ್ನೂ ಕೊಡಬಹುದು. ಆದರೆ ಅಭ್ಯಾಸ ಹೇಗೆ ಹತ್ತಿತು, ಅದರಲ್ಲಿ ವ್ಯಕ್ತಿಯ ಇಚ್ಛೆ ಎಷ್ಟಿತ್ತು, ಅದು ಹೇಗೆ ಬಿಟ್ಟುಹೋಯಿತು ಎಂಬುದನ್ನು ಇವು ಹೇಳುವುದಿಲ್ಲ.

ಈ ಕೆಲಸವನ್ನು ಮಾಡುವವು ‘ಟೇಕ್ ಅಪ್’, ‘ಟೇಕ್ ಟು’, ‘ಫಾಲ್ ಇಂಟು’, ‘ಗಿವ್ ಅಪ್’, ‘ಗ್ರೋ ಔಟ್ ಆಫ್’ ಮುಂತಾದ ಕ್ರಿಯಾಪದಗಳು. ಕ್ವರ್ಕ್ ಮತ್ತು ಸಂಗಡಿಗರ 1985ರ ವ್ಯಾಕರಣವು ಫ್ರೇಸಲ್ ಮತ್ತು ಪ್ರಿಪೊಸಿಷನಲ್ ಕ್ರಿಯಾಪದಗಳನ್ನು ಬೇರ್ಪಡಿಸುತ್ತದೆ. ಅದರಂತೆ ‘ಟೇಕ್ ಅಪ್’ ಮೊದಲ ವರ್ಗಕ್ಕೂ ‘ಟೇಕ್ ಟು’ ಎರಡನೆಯದಕ್ಕೂ ಸೇರುತ್ತವೆ: ‘ಟೇಕ್ ಇಟ್ ಅಪ್’ ಎಂಬುದು ಸಾಧು, ಈ ಅರ್ಥದಲ್ಲಿ ‘ಟೇಕ್ ಇಟ್ ಟು’ ಎಂಬುದು ಅಸಾಧು. ಬೋಧನೆಯ ರೂಢಿಯನ್ನು ಅನುಸರಿಸಿ ನಾವು ಇಲ್ಲಿ ಎಲ್ಲವನ್ನೂ ಫ್ರೇಸಲ್ ಕ್ರಿಯಾಪದಗಳೆಂದೇ ಕರೆಯುತ್ತೇವೆ. ಇವು ಆಸ್ಪೆಕ್ಟಿನ ಗುರುತುಗಳು ಮಾತ್ರವಲ್ಲ, ಅಭ್ಯಾಸದ ಹೊಣೆಯನ್ನು ಹಂಚುವ ಸಾಧನಗಳೂ ಹೌದು ಎಂಬುದು ನಮ್ಮ ವಾದ.

2. ಒಂದು ಘಟನೆಯೋ, ಅಭ್ಯಾಸವೋ?

‘ಬಿಗಿನ್’ ಮತ್ತು ‘ಟೇಕ್ ಟು’ ಎರಡೂ ಆರಂಭವನ್ನು ಸೂಚಿಸುತ್ತವೆ. ಆದರೆ ಇವೆರಡೂ ಸಮಾನವಲ್ಲ.

(1ಅ) ಶಿ ಬಿಗ್ಯಾನ್ ಕ್ರೈಯಿಂಗ್ ಅಟ್ ಸಿಕ್ಸ್.
(1ಆ) ಶಿ ಟುಕ್ ಟು ಕ್ರೈಯಿಂಗ್ ಅಟ್ ಸಿಕ್ಸ್.

(1ಅ) ಒಂದು ಸಂಜೆಯ ಒಂದೇ ಅಳುವಿಗೆ ಸಹಜವಾಗಿ ಹೊಂದುತ್ತದೆ. (1ಆ)ಕ್ಕೆ ಆ ಅರ್ಥ ಒದಗುವುದಿಲ್ಲ. ದಿನವೂ ಆರು ಗಂಟೆಗೆ ಅಳುವ ರೂಢಿ ಶುರುವಾಯಿತೆಂಬುದೇ ಅದರ ಅರ್ಥ. ‘ಅಟ್ ಸಿಕ್ಸ್’ ಎಂಬ ಕಾಲಸೂಚಕವು ಆರಂಭದ ಕ್ಷಣವನ್ನು ಬಿಟ್ಟು ಪ್ರತಿಯೊಂದು ಅಳುವಿಗೂ ಅನ್ವಯವಾಗುತ್ತದೆ. ಮುಕ್ತಾಯದ ಕಡೆಯಲ್ಲಿಯೂ ಇದೇ ಭೇದವಿದೆ.

(2ಅ) ಹಿ ಸ್ಟಾಪ್ಡ್ ಸ್ಮೋಕಿಂಗ್ ವೆನ್ ದ ಗೆಸ್ಟ್ಸ್ ಅರೈವ್ಡ್.
(2ಆ) ಹಿ ಗೇವ್ ಅಪ್ ಸ್ಮೋಕಿಂಗ್ ವೆನ್ ದ ಗೆಸ್ಟ್ಸ್ ಅರೈವ್ಡ್.

(2ಅ)ದಲ್ಲಿ ಆತ ಕೈಯಲ್ಲಿದ್ದ ಸಿಗರೇಟನ್ನು ಆರಿಸಿದನೆಂದು ತಿಳಿಯಬಹುದು. (2ಆ)ದಲ್ಲಿ ಅತಿಥಿಗಳ ಆಗಮನವೇ ಚಟವನ್ನು ತೊರೆಯಲು ನಿಮಿತ್ತವಾಯಿತೆಂಬ ವಿಚಿತ್ರಾರ್ಥ ಬರುತ್ತದೆ. ‘ಗಿವ್ ಅಪ್ ಟ್ರೈಯಿಂಗ್’ ಎಂಬಂಥ ಪ್ರಯೋಗಗಳಲ್ಲಿ ಅಭ್ಯಾಸವಿಲ್ಲದಿದ್ದರೂ ಒಂದು ದೀರ್ಘ ಪ್ರಯತ್ನ ಪೂರ್ವಗೃಹೀತವಾಗಿರುತ್ತದೆ. ಹೀಗೆ ‘ಟೇಕ್ ಟು’ ಅಭ್ಯಾಸವನ್ನೇ ಪೂರಕವಾಗಿ ಬಯಸುತ್ತದೆ. ‘ಗಿವ್ ಅಪ್’ ಅದನ್ನು ಅಥವಾ ಅದರಂತೆ ದೀರ್ಘವಾದುದನ್ನು ಬಯಸುತ್ತದೆ. ಇವುಗಳೊಡನೆ ಹೆಸರಿಸಲಾಗುವ ‘ಕೀಪ್ ಆನ್’ ಒಂದೇ ಸಂದರ್ಭದ ಪುನರಾವೃತ್ತಿಗೂ ಸಲ್ಲುವುದರಿಂದ ಈ ಗುಂಪಿಗೆ ಸೇರದು.

3. ಪ್ರವೇಶದ ಮೂರು ಬಗೆಗಳು

ಅಭ್ಯಾಸದ ಆರಂಭವನ್ನು ಹೇಳುವ ಮೂರು ಕ್ರಿಯಾಪದಗಳನ್ನು ‘ಡಿಸೈಡ್’ ಎಂಬ ಇಚ್ಛಾಸೂಚಕದ ಕೆಳಗಿರಿಸಿ ಪರೀಕ್ಷಿಸಬಹುದು.

(3ಅ) ಹಿ ಡಿಸೈಡೆಡ್ ಟು ಟೇಕ್ ಅಪ್ ಸ್ವಿಮ್ಮಿಂಗ್.
(3ಆ) ?ಹಿ ಡಿಸೈಡೆಡ್ ಟು ಟೇಕ್ ಟು ಸ್ವಿಮ್ಮಿಂಗ್.
(3ಇ) ??ಹಿ ಡಿಸೈಡೆಡ್ ಟು ಫಾಲ್ ಇಂಟು ದ ಹ್ಯಾಬಿಟ್ ಆಫ್ ಸ್ವಿಮ್ಮಿಂಗ್.

ಮೊದಲನೆಯದು ಸಹಜ, ಎರಡನೆಯದು ಕಿವಿಗೆ ಒಗ್ಗದು, ಮೂರನೆಯದು ಹಾಸ್ಯಕ್ಕಷ್ಟೇ ಸಲ್ಲುತ್ತದೆ. ‘ಟೇಕ್ ಅಪ್’ ಸಂಕಲ್ಪದಿಂದ ಕೈಗೊಂಡ ಅಭ್ಯಾಸವನ್ನು ಹೇಳಿದರೆ ‘ಫಾಲ್ ಇಂಟು’ ಸಂಕಲ್ಪವಿಲ್ಲದೆ ಜಾರಿದ್ದನ್ನು ಹೇಳುತ್ತದೆ. ಇದರ ಹತ್ತಿರದ ‘ಲ್ಯಾಪ್ಸ್ ಇಂಟು’ ಹಿಂದೆ ಇದಕ್ಕಿಂತ ಉತ್ತಮ ಸ್ಥಿತಿಯೊಂದಿತ್ತೆಂಬುದನ್ನೂ ಸೂಚಿಸುತ್ತದೆ. ಇವೆರಡರ ನಡುವೆ ನಿಲ್ಲುವುದು ‘ಟೇಕ್ ಟು’. ಅದು ನಿರ್ಧಾರವನ್ನು ಹೇಳುವುದಿಲ್ಲ, ಪತನವನ್ನೂ ಹೇಳುವುದಿಲ್ಲ. ಸನ್ನಿವೇಶವೊಂದರ ಒತ್ತಿಗೆ ವ್ಯಕ್ತಿ ಒಂದು ವರ್ತನೆಯತ್ತ ವಾಲಿದ್ದನ್ನು ಹೇಳುತ್ತದೆ. ನಿವೃತ್ತಿ, ಅಗಲಿಕೆ, ಸ್ಥಳಾಂತರ ಮುಂತಾದ ಕಾರಣಗಳ ಉಲ್ಲೇಖ ಅದರೊಂದಿಗೆ ಸಲೀಸಾಗಿ ಹೊಂದಿಕೊಳ್ಳುವುದು ಇದರಿಂದಲೇ. ಮೌಲ್ಯನಿರ್ಣಯದಲ್ಲಿಯೂ ಅದು ತಟಸ್ಥ: ತೋಟಗಾರಿಕೆಗೂ ಕುಡಿತಕ್ಕೂ ಅದು ಸಮಾನವಾಗಿ ಸಲ್ಲುತ್ತದೆ.

4. ಅರ್ಥ ಅವ್ಯಯದಲ್ಲಿದೆಯೇ?

ಕ್ರಿಯಾಪದದ ಜೊತೆ ಬರುವ ಅವ್ಯಯವೇ ಆಸ್ಪೆಕ್ಟನ್ನು ಸೂಚಿಸುತ್ತದೆಂಬ ವಿವರಣೆ ಆಕರ್ಷಕವಾಗಿದೆ. ‘ಈಟ್ ಅಪ್’ ಎಂಬಲ್ಲಿ ‘ಅಪ್’ ಪೂರ್ಣತೆಯನ್ನು ಹೇಳುತ್ತದೆ, ನಿಜ. ಆದರೆ ಅಭ್ಯಾಸದ ಆರಂಭವನ್ನು ಹೇಳುವ ‘ಟೇಕ್ ಅಪ್’ ಮತ್ತು ಅಂತ್ಯವನ್ನು ಹೇಳುವ ‘ಗಿವ್ ಅಪ್’ ಎರಡರಲ್ಲಿಯೂ ಇರುವುದು ಅದೇ ‘ಅಪ್’. ಇಲ್ಲಿ ಭೇದ ಹುಟ್ಟುವುದು ಕೊಳ್ಳುವ ಮತ್ತು ಕೊಡುವ ಕ್ರಿಯೆಗಳಿಂದ. ಅಭ್ಯಾಸವು ಸ್ವೀಕರಿಸಬಹುದಾದ, ಬಿಟ್ಟುಕೊಡಬಹುದಾದ ವಸ್ತುವಾಗುತ್ತದೆ. ‘ಇಂಟು’ ಮತ್ತು ‘ಔಟ್ ಆಫ್’ ಇರುವಲ್ಲಿ ಮಾತ್ರ ದಿಕ್ಕನ್ನು ತೋರಿಸುವ ಕೆಲಸ ಅವ್ಯಯದ್ದು. ಅಲ್ಲಿ ಅಭ್ಯಾಸವು ವ್ಯಕ್ತಿಯನ್ನು ಒಳಗೊಳ್ಳುವ ಆವರಣ. ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ಚರ್ಚಿಸಿದ ಆವರಣ ರೂಪಕದ ಸ್ಪಷ್ಟ ನಿದರ್ಶನವಿದು. ವಸ್ತುವನ್ನು ಹಿಡಿದವನು ಕರ್ತೃ, ಆವರಣದೊಳಗೆ ಬಿದ್ದವನು ಕರ್ತೃವಲ್ಲ. ಉಗುರು ಕಚ್ಚುವ ಮಗು ಆ ಚಟದಿಂದ ‘ಗ್ರೋ ಔಟ್ ಆಫ್’ ಆದಾಗ ಕೆಲಸ ಮಾಡಿದ್ದು ಮಗುವಿನ ಸಂಕಲ್ಪವಲ್ಲ, ಕಾಲ. ಹೊಣೆಯ ಹಂಚಿಕೆ ರೂಪಕದಲ್ಲಿಯೇ ಅಡಗಿದೆ.

5. ಪ್ರವೃತ್ತಿ ಮತ್ತು ಅಸಮ್ಮತಿ

ಪ್ರವೃತ್ತಿಯನ್ನು ಹೇಳುವ ‘ಲೀನ್ ಟುವರ್ಡ್ಸ್’ನಂಥವು ಬೇರೆ ಬಗೆಯವು. ಅಭ್ಯಾಸಕ್ಕೆ ನಡೆದ ಘಟನೆಗಳು ಬೇಕು. ಒಲವಿಗೆ ಒಂದು ಘಟನೆಯೂ ಬೇಕಿಲ್ಲ. ಆದ್ದರಿಂದ ಅಲ್ಲಿರುವುದು ಪ್ರವೇಶವಲ್ಲ, ದಿಕ್ಕು ಮಾತ್ರ.

‘ಗೋ ಅರೌಂಡ್’ ಅಭ್ಯಾಸದೊಂದಿಗೆ ಮಾತನಾಡುವವರ ಅಸಮ್ಮತಿಯನ್ನೂ ಹೊತ್ತು ಬರುವುದು ಸಾಮಾನ್ಯ: ‘ಹಿ ಗೋಸ್ ಅರೌಂಡ್ ಟೆಲ್ಲಿಂಗ್ ಎವ್ರಿವನ್’. ಕನ್ನಡದ ‘ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ’ ಎಂಬ ವಾಕ್ಯ ಇದಕ್ಕೆ ಬಹು ಸಮೀಪದ್ದು. ಎರಡೂ ಭಾಷೆಗಳಲ್ಲಿ ಗುರಿಯಿಲ್ಲದ ಚಲನೆಯ ಕ್ರಿಯಾಪದವೇ ಪುನರಾವೃತ್ತಿಯನ್ನೂ ಆಕ್ಷೇಪವನ್ನೂ ಸೂಚಿಸುತ್ತದೆ. ಇದಕ್ಕೆ ಪ್ರತಿಯಾಗಿ ‘ಹೇಳಿಕೊಂಡು ಬಂದಿದ್ದಾನೆ’ ಎಂದರೆ ಆಕ್ಷೇಪ ಮಾಯವಾಗಿ ಸಾತತ್ಯವಷ್ಟೇ ಉಳಿಯುತ್ತದೆ.

6. ಕನ್ನಡದ ಹಂಚಿಕೆ

ಉಳಿದೆಡೆ ಕನ್ನಡ ಇದೇ ಅರ್ಥಾಂಶಗಳನ್ನು ಬೇರೆ ಸ್ಥಾನಗಳಲ್ಲಿ ಇರಿಸುತ್ತದೆ. ಮೌಲ್ಯನಿರ್ಣಯ ನಾಮಪದದಲ್ಲಿದೆ: ಅಭ್ಯಾಸ, ರೂಢಿ, ಹವ್ಯಾಸ, ಗೀಳು, ಚಟ. ಕರ್ತೃತ್ವ ವಿಭಕ್ತಿಯಲ್ಲಿಯೂ ಕ್ರಿಯಾಪದದಲ್ಲಿಯೂ ಇದೆ.

(4ಅ) ಅವನು ಈಜುವ ಹವ್ಯಾಸ ಬೆಳೆಸಿಕೊಂಡ.
(4ಆ) ಅವನಿಗೆ ಕುಡಿತದ ಚಟ ಹತ್ತಿತು.
(4ಇ) ಅವನು ಕುಡಿತದ ಚಟಕ್ಕೆ ಬಿದ್ದ.

(4ಅ)ದ ‘ಕೊಳ್ಳು’ ಸಂಕಲ್ಪವನ್ನು ತೋರುತ್ತದೆ. (4ಆ)ದಲ್ಲಿ ವ್ಯಕ್ತಿ ಚತುರ್ಥೀ ವಿಭಕ್ತಿಯಲ್ಲಿದ್ದು ಚಟವೇ ಕರ್ತೃಸ್ಥಾನದಲ್ಲಿದೆ. ತಟಸ್ಥವಾದ ‘ಟೇಕ್ ಟು’ವಿಗೆ ಇವುಗಳಲ್ಲಿ ಯಾವುದೂ ನೇರ ಸಮಾನವಲ್ಲ. ‘ಕುಡಿಯುವುದನ್ನು ಕಲಿತ’ ಎಂಬ ಆಡುಮಾತಿನ ಪ್ರಯೋಗ ಅದಕ್ಕೆ ಹೆಚ್ಚು ಹತ್ತಿರ. ಇಲ್ಲಿ ಚಟವೆಂಬ ಪದ ಇಲ್ಲ. ‘ಕಲಿ’ ಎಂಬುದು ಒಂದೇ ಕುಡಿತಕ್ಕೆ ಸಲ್ಲುವುದೂ ಇಲ್ಲ. ಅಂತ್ಯದ ಕಡೆಯಲ್ಲಿ ‘ಸೇದುವುದನ್ನು ನಿಲ್ಲಿಸಿದ’ ಎಂಬುದು (2ಅ)ದಂತೆ ಎರಡರ್ಥಕ್ಕೆ ಸಲ್ಲುತ್ತದೆ. ‘ಸೇದುವುದನ್ನು ಬಿಟ್ಟ’ ಎಂಬುದು (2ಆ)ದಂತೆ ಅಭ್ಯಾಸದ ಕಡೆಗೇ ವಾಲುತ್ತದೆ.

7. ಫಲಿತ

ನಿಘಂಟುಗಳು ‘ಟೇಕ್ ಟು’ವಿಗೆ ‘ಆರಂಭಿಸು’ ಎಂದಷ್ಟೇ ಕೊಟ್ಟರೆ (1)ರ ಭೇದ ಕಳೆದುಹೋಗುತ್ತದೆ. ‘ಚಟಕ್ಕೆ ಬೀಳು’ ಎಂದು ಕೊಟ್ಟರೆ ಮೂಲದಲ್ಲಿಲ್ಲದ ತೀರ್ಪು ಸೇರಿಕೊಳ್ಳುತ್ತದೆ. ಕಥೆಯ ಅನುವಾದದಲ್ಲಿ ಇದು ಶೈಲಿಯ ಪ್ರಶ್ನೆಯೆನಿಸಬಹುದು. ಸಾಕ್ಷಿಯ ಹೇಳಿಕೆಯನ್ನೋ ರೋಗಿಯ ಪೂರ್ವವೃತ್ತಾಂತವನ್ನೋ ಅನುವಾದಿಸುವಾಗ ಹಾಗಲ್ಲ. ಅಪಘಾತದ ನಂತರ ಒಬ್ಬಾತ ‘ಟುಕ್ ಟು ಡ್ರಿಂಕಿಂಗ್’ ಎಂದಿರುವುದು ‘ಕುಡಿತದ ಚಟಕ್ಕೆ ಬಿದ್ದ’ ಎಂದಾದಾಗ, ವರದಿಗಾರನು ಆಡದ ನಿಂದೆಯೊಂದು ದಾಖಲೆಗೆ ಸೇರುತ್ತದೆ.

ಆದುದರಿಂದ ದ್ವಿಭಾಷಿಕ ನಿಘಂಟಿನ ಇಂಥ ನಮೂದುಗಳಲ್ಲಿ ಅಭ್ಯಾಸದ ಹಂತ, ಸಂಕಲ್ಪದ ಪ್ರಮಾಣ, ಮೌಲ್ಯನಿರ್ಣಯ ಎಂಬ ಮೂರು ಅಂಶಗಳನ್ನು ಪ್ರತ್ಯೇಕವಾಗಿ ದಾಖಲಿಸಬೇಕೆಂಬುದು ನಮ್ಮ ಸೂಚನೆ. ಮೊದಲನೆಯದಕ್ಕೆ (1) ಮತ್ತು (2)ರ ಪರೀಕ್ಷೆಗಳೂ ಎರಡನೆಯದಕ್ಕೆ (3)ರ ಪರೀಕ್ಷೆಯೂ ನೆರವಾಗುತ್ತವೆ. ಮೂರನೆಯದಕ್ಕೆ ಆಯಾ ಕ್ರಿಯಾಪದ ಯಾವ ಪೂರಕಗಳೊಂದಿಗೆ ಬರುತ್ತದೆಂಬುದನ್ನು ಪಠ್ಯಕೋಶಗಳಲ್ಲಿ ಪರಿಶೀಲಿಸುವುದೇ ಮಾರ್ಗ.