ಟ್ಯೂಬ್‌ನೊಳಗೇ ಕಮ್ಮಿಯಾಗೋ ಶುಗರ್: ಬೂದು ಮುಚ್ಚಳದ ಹಿಂದಿನ ಕಥೆ

(ಈ ವಾರದ ಸಂಚಿಕೆಯ ಬರಹ ರೂಪ)

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೋಗ್ತಾ ಕೇಳ್ತಿದ್ದೀರಾ? ನೀವು ಇಳಿಯೋದ್ರೊಳಗೆ ಈ ಕಥೆ ಮುಗಿಯುತ್ತೆ.

ಹೋದ ವರ್ಷ ಅಪ್ಪನಿಗೆ ಶುಗರ್ ಟೆಸ್ಟ್ ಮಾಡಿಸ್ದೆ. ಬಸವೇಶ್ವರನಗರದ ನಮ್ಮ ಮನೆಗೇ ಬೆಳಿಗ್ಗೆ ಆರೂವರೆಗೆ ಒಬ್ಬ ಹುಡುಗ ಬಂದ. ಖಾಲಿ ಹೊಟ್ಟೆಯ ರಕ್ತ ತಗೊಂಡು ಎರಡು ಟ್ಯೂಬ್ ತುಂಬಿಸ್ದ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೇರಳೆ. "ಇನ್ನೂ ನಾಲ್ಕು ಮನೆ ಇದೆ ಸರ್, ಕೊನೇದು ಕೆಂಗೇರಿ" ಅಂತ ಹೇಳಿ ಬೈಕ್ ಹತ್ತಿದ.

ಸಂಜೆ ರಿಪೋರ್ಟ್ ಬಂತು. ಶುಗರ್ 108. ಅಪ್ಪ ಖುಷಿಯಾಗಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸ್ಕೊಂಡ್ರು. ಆದ್ರೆ ಡಾಕ್ಟರ್ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದ್ರು. ಎರಡು–ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 6.8 ಇತ್ತು. ಅದು 6.5 ಮುಟ್ಟಿದ್ರೆ ಮಧುಮೇಹದ ಲೆಕ್ಕ. "ಎರಡೂ ತಾಳೆ ಆಗ್ತಿಲ್ಲ, ಲ್ಯಾಬ್‌ಗೇ ಹೋಗಿ ಇನ್ನೊಂದ್ಸಲ ಮಾಡಿಸಿ" ಅಂದ್ರು. ರಾಜಾಜಿನಗರದ ಬೇರೊಂದು ಲ್ಯಾಬ್‌ಗೆ ಹೋಗಿ, ಅಲ್ಲೇ ಕೂತು ರಕ್ತ ಕೊಟ್ವಿ. ಈ ಸಲ 131. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅದೂ ಮಧುಮೇಹವೇ.

ಹಾಗಾದ್ರೆ ಮೊದಲನೇ ಸಲ ಆ ಶುಗರ್ ಎಲ್ಲಿ ಹೋಯ್ತು?

ಟ್ಯೂಬ್ ಸೇರಿದ ತಕ್ಷಣ ರಕ್ತಕಣಗಳು ಸಾಯಲ್ಲ. ಕೆಂಪು ರಕ್ತಕಣಕ್ಕೆ ಶಕ್ತಿ ಬರೋ ದಾರಿ ಒಂದೇ: ಗ್ಲುಕೋಸನ್ನು ಹತ್ತು ಹಂತಗಳಲ್ಲಿ ಒಡೆಯೋದು. ಇದಕ್ಕೆ ಗ್ಲೈಕಾಲಿಸಿಸ್ ಅಂತಾರೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ, ಅಂದ್ರೆ ಎಂಜೈಮ್. ಬೈಕಿನ ಬ್ಯಾಗಲ್ಲಿ ಕೂತಿದ್ರೂ ಕಣಗಳು ಗ್ಲುಕೋಸ್ ತಿಂತಾನೇ ಇರ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತೆ. 130 ಇದ್ದದ್ದು ಮೂರು ಗಂಟೆಯಲ್ಲಿ 110ರ ಆಸುಪಾಸಿಗೆ ಬರಬಹುದು. ಅಪ್ಪನ ವಿಷಯದಲ್ಲಿ ಹೀಗೇ ಆಯ್ತು ಅಂತ ನಾನು ಪ್ರಮಾಣ ಮಾಡಲಾರೆ, ಯಾಕಂದ್ರೆ ಶುಗರ್ ದಿನದಿಂದ ದಿನಕ್ಕೂ ಬದಲಾಗುತ್ತೆ. ಆದ್ರೆ ಲೆಕ್ಕ ಮಾತ್ರ ಹೊಂದುತ್ತೆ.

ಇದನ್ನ ತಡೆಯೋಕೇ ಬೂದು ಮುಚ್ಚಳದ ಟ್ಯೂಬ್ ಇರೋದು. ಅದರೊಳಗೆ ಸೋಡಿಯಂ ಫ್ಲೋರೈಡ್ ಇರುತ್ತೆ. ಫ್ಲೋರೈಡ್ ಹಿಡಿಯೋದು ಒಂಬತ್ತನೇ ಹಂತದ ಇನೋಲೇಸ್ ಅನ್ನೋ ಕಿಣ್ವವನ್ನು. ಇಲ್ಲೊಂದು ತೊಡಕಿದೆ: ಗ್ಲುಕೋಸ್ ಖರ್ಚಾಗೋದು ಮೊದಲನೇ ಹಂತದಲ್ಲಿ. ನಾಯಂಡಹಳ್ಳಿ ಜಂಕ್ಷನ್ನಲ್ಲಿ ಗಾಡಿ ನಿಂತ್ರೆ ಆ ಸಾಲು ಕೆಂಗೇರಿ ತನಕ ಬೆಳೆಯೋಕೆ ಟೈಮ್ ಬೇಕಲ್ವಾ? ಹಾಗೇನೇ. ಬೂದು ಟ್ಯೂಬಲ್ಲೂ ಮೊದಲ ಒಂದೆರಡು ಗಂಟೆ ಶುಗರ್ ಸ್ವಲ್ಪ ಇಳಿದು, ಆಮೇಲೆ ನಿಲ್ಲುತ್ತೆ. ಸಿಟ್ರೇಟ್ ಸೇರಿಸಿದ ಟ್ಯೂಬ್‌ಗಳೂ ಇವೆ. ಅವು ರಕ್ತವನ್ನು ಆಮ್ಲೀಯ ಮಾಡಿ ಮೊದಲ ಹಂತಗಳನ್ನೇ ಬೇಗ ತಡೀತವೆ.

ಇನ್ನು ಲ್ಯಾಬಿನ ಮೆಷಿನ್ ಶುಗರ್ ಅಳೆಯೋದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಅನೇಕ ಲ್ಯಾಬ್‌ಗಳಲ್ಲಿ ಅಳೆಯೋದೂ ಗ್ಲೈಕಾಲಿಸಿಸ್‌ನ ಮೊದಲ ಕಿಣ್ವವೇ: ಹೆಕ್ಸೋಕೈನೇಸ್. ಕದ್ದವನ ಕೈಗೇ ಲೆಕ್ಕದ ಪುಸ್ತಕ ಕೊಟ್ಟ ಹಾಗೆ!

ಮೊದಲು ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳನ್ನು ಬೇರೆ ಮಾಡ್ತಾರೆ. ಮೇಲೆ ಉಳಿಯೋ ಹಳದಿ ದ್ರವಕ್ಕೆ ಹೆಕ್ಸೋಕೈನೇಸ್ ಮತ್ತು ಎಟಿಪಿ ಸೇರುತ್ತೆ. ಪ್ರತಿ ಗ್ಲುಕೋಸ್ ಅಣುವಿಗೂ ಒಂದು ಫಾಸ್ಫೇಟ್ ಅಂಟಿಕೊಳ್ಳುತ್ತೆ. ಜಿ6ಪಿಡಿ ಅನ್ನೋ ಎರಡನೇ ಕಿಣ್ವ ಅದನ್ನು ಆಕ್ಸಿಡೈಸ್ ಮಾಡುವಾಗ ಎನ್‌ಎಡಿ ಎನ್ನುವ ಅಣು ಎನ್‌ಎಡಿಎಚ್ ಆಗುತ್ತೆ. ಒಂದು ಗ್ಲುಕೋಸ್‌ಗೆ ಒಂದು ಎನ್‌ಎಡಿಎಚ್. ಗ್ಲುಕೋಸ್ ಬೆಳಕಿಗೆ ಸಿಕ್ಕಲ್ಲ. ಆದ್ರೆ ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತೆ. ಎಷ್ಟು ಬೆಳಕು ಕಮ್ಮಿಯಾಯ್ತು ಅಂತ ನೋಡಿ ಮೆಷಿನ್ ಶುಗರ್ ಹೇಳುತ್ತೆ. ಈ ಬೆಳಕಿನ ಉಪಾಯ 1930ರ ದಶಕದ್ದು, ಜರ್ಮನಿಯ ಓಟ್ಟೊ ವಾರ್ಬರ್ಗ್ ಅವರ ಕೊಡುಗೆ.

ಈ ಕಿಣ್ವಗಳು ಬರೋದೆಲ್ಲಿಂದ? ಹೆಕ್ಸೋಕೈನೇಸ್ ಸಾಮಾನ್ಯವಾಗಿ ಯೀಸ್ಟ್‌ನಿಂದ. ಜಿ6ಪಿಡಿ ಅನೇಕ ಕಿಟ್‌ಗಳಲ್ಲಿ ಲ್ಯೂಕೋನೋಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದಿಂದ. ಇದು ಯಾರು ಗೊತ್ತಾ? ರಾತ್ರಿ ನಿಮ್ಮನೆ ಇಡ್ಲಿ ಹಿಟ್ಟನ್ನು ಉಬ್ಬಿಸೋ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು.

ಇನ್ನೊಂದು ಮಾತು. ಫ್ಲೋರೈಡ್ ಬೇರೆ ಕಿಣ್ವಗಳನ್ನೂ ಕಾಡುತ್ತೆ. ಯೂರಿಯಾ ಅಳೆಯೋ ಯೂರಿಯೇಸ್ ಕಿಣ್ವ ಅದರಲ್ಲಿ ಸರಿಯಾಗಿ ಕೆಲಸ ಮಾಡಲ್ಲ. ಹಾಗಾಗಿ ಒಂದೇ ಸಲ ಚುಚ್ಚಿದ್ರೂ ಬಣ್ಣಬಣ್ಣದ ಟ್ಯೂಬ್ ತುಂಬಿಸ್ತಾರೆ. "ಇಷ್ಟೊಂದು ರಕ್ತ ಯಾಕೆ?" ಅಂತ ಬೈಯ್ಬೇಡಿ.

ಮತ್ತೆ ನೀವು ಏನು ಮಾಡ್ಬಹುದು? ಮನೆಗೆ ಬಂದವರನ್ನು ಎರಡು ಪ್ರಶ್ನೆ ಕೇಳಿ: ಶುಗರ್‌ಗೆ ಬೂದು ಟ್ಯೂಬ್ ಇದೆಯಾ? ಲ್ಯಾಬ್‌ಗೆ ಎಷ್ಟು ಹೊತ್ತಿಗೆ ತಲುಪುತ್ತೆ? ಆ ಹುಡುಗನ ಮೇಲೆ ರೇಗಬೇಡಿ; ಅವನಿಗೆ ಟ್ಯೂಬ್ ಕೊಡೋರು, ದಾರಿ ಹಾಕಿಕೊಡೋರು ಬೇರೆಯವರು. ಆಗೋದಾದ್ರೆ ಲ್ಯಾಬ್‌ಗೇ ಹೋಗಿ. ಒಂದೇ ರಿಪೋರ್ಟ್ ನೋಡಿ ಹೆದರೋದೂ ಬೇಡ, ಹಿಗ್ಗೋದೂ ಬೇಡ. ಡಾಕ್ಟರ್‌ಗೆ ತೋರಿಸಿ.

ಅಪ್ಪ ಈಗ ಸಕ್ಕರೆ ಇಲ್ಲದ ಕಾಫಿ ಕುಡೀತಾರೆ, ಮುಖ ಸಿಂಡರಿಸ್ಕೊಂಡೇ. ಮೊನ್ನೆ ರಕ್ತ ತಗೊಳ್ಳೋಕೆ ಬಂದವನನ್ನ ಅವರೇ ಕೇಳಿದ್ರು: "ಬೂದು ಮುಚ್ಚಳದ್ದು ತಂದಿದ್ದೀಯೇನಪ್ಪಾ?"

ಮುಂದಿನ ವಾರ ಸಿಗೋಣ.