ಗೇರಿನ ಬುಡ ನೋಡುವವ ಬಾಯೊಳಗೆ ನೋಡಲಿಲ್ಲ

ಕಳೆದ ವರ್ಷ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕಷಾಯ ಕುಡಿದು, ಮೇಲಿಂದ ಮೆಂತೆ ಗಂಜಿ ಉಂಡು, ಹೆಂಡತಿಯ ಹತ್ತಿರ ಹೇಳಿದೆ: "ಇವತ್ತಿನಿಂದ ಬೀಡಿ ಇಲ್ಲ."

ಅವಳು ತಲೆ ಎತ್ತಲಿಲ್ಲ. ಮಡಿಲಲ್ಲಿ ಗೆರಸೆ ಇತ್ತು. ಗೆರಸೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. "ಹೋದ ವರ್ಷವೂ ಹೀಗೇ ಹೇಳಿದ್ದಿರಿ" ಎಂದಳು, ಬೀಡಿ ಕಟ್ಟುತ್ತಲೇ.

ಅವಳ ಮಾತು ಸುಳ್ಳಲ್ಲ. 35 ವರ್ಷ ಬೀಡಿ ಎಳೆದವ ನಾನು, ದಿನಕ್ಕೊಂದು ಕಟ್ಟು. ನಮ್ಮದು ಕಾರ್ಕಳ ತಾಲೂಕಿನ ಬೆಟ್ಟು ಗದ್ದೆ. ಬೈಲಿನವರಿಗೆ ಎರಡನೇ ಬೆಳೆ ಉಂಟು, ನಮಗೆ ಮಳೆ ಕೊಟ್ಟಷ್ಟೇ. ಒಂದು ಭತ್ತ, ಮಣ್ಣಿನಲ್ಲಿ ಪಸೆ ಉಳಿದರೆ ಉದ್ದು ಇಲ್ಲವೇ ಹುರುಳಿ, ಗುಡ್ಡೆಯಲ್ಲಿ ಗೇರು. ಅಕ್ಕಿ ಗದ್ದೆಯಿಂದ ಬಂದರೆ ಮಕ್ಕಳ ಫೀಸು ಬಂದದ್ದು ಹೆಂಡತಿ ಕಟ್ಟಿದ ಬೀಡಿಯಿಂದ. ನಮ್ಮ ಕಡೆ ಇಂಥ ಮನೆಗಳು ಎಷ್ಟೋ ಇವೆ. ಅಂಗಡಿಗೆ ಹೋಗಲು ಉದಾಸೀನವಾದ ದಿನ ಅವಳ ಗೆರಸೆಯಿಂದಲೇ ಎರಡು ಎತ್ತಿಕೊಳ್ಳುತ್ತಿದ್ದೆ. ಸಾವಿರದ ಲೆಕ್ಕ ತುಂಬಿಸಲು ಅವಳು ಮತ್ತೆ ಎರಡು ಕಟ್ಟಬೇಕು.

ಕಾಪುವಿನ ಭಾವ

ಈ ಸಲ ಬಿಡಲು ಗಟ್ಟಿ ಕಾರಣ ಇತ್ತು. ಅಕ್ಕನನ್ನು ಕೊಟ್ಟದ್ದು ಕಾಪುವಿಗೆ. ಭಾವ ಬೀಡಿ ಮುಟ್ಟಿದವರಲ್ಲ. ಆದರೆ ಎಲೆಯಡಿಕೆಗೆ ಹೊಗೆಸೊಪ್ಪು ಇಲ್ಲದೆ ಆಗದು. ಕೆಳಗಿನ ವಸಡಿನ ಹತ್ತಿರ ಒಂದು ಹುಣ್ಣಾಯಿತು. ನೋವಿಲ್ಲ. "ಹಲ್ಲು ತಾಗಿದ್ದು" ಎಂದು ಲವಂಗದ ಎಣ್ಣೆ ಹಚ್ಚಿದರು. ಒಬ್ಬ ಡಾಕ್ಟರು ಬಾಯಿಯೊಳಗೆ ಸರಿಯಾಗಿ ನೋಡದೆಯೇ ಮಾತ್ರೆ ಕೊಟ್ಟರು. ಆರು ತಿಂಗಳು ಹೀಗೇ ಕಳೆಯಿತು. ಕೊರಳಲ್ಲಿ ಗಂಟು ಕಂಡ ಮೇಲೆ ದೊಡ್ಡ ಆಸ್ಪತ್ರೆಗೆ ಹೋದದ್ದು. ದವಡೆಯ ಒಂದು ಭಾಗ ತೆಗೆದರು, ಕರೆಂಟು ಕೊಟ್ಟರು. ಮೂಗಿನ ಕೊಳವೆಯಲ್ಲಿ ಗಂಜಿ ತಿಳಿ. 14 ತಿಂಗಳಲ್ಲಿ ಹೋದರು.

ಬೊಜ್ಜದ ಊಟ ಮುಗಿಸಿ ಬರುವಾಗ ಕಾಪು ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತವನ ಕೈ ಕಿಸೆಯ ಬೀಡಿಗೆ ಹೋಯಿತು. ಅವತ್ತೇ ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು.

ಬಿಟ್ಟ ಮೇಲೆ ಬಂದ ಹುಣ್ಣು

ಮೊದಲ ಮೂರು ದಿನ ತಲೆ ಸಿಡಿಯುತ್ತಿತ್ತು. ನಾಯಿಗೂ ಬೈದೆ. ನಿದ್ರೆ ಇಲ್ಲ, ಬೆಳಿಗ್ಗೆ ಹೊಟ್ಟೆ ಹೋಗುವುದಿಲ್ಲ, ಕೆಮ್ಮು ಮೊದಲಿಗಿಂತ ಜಾಸ್ತಿ. ಇದೆಲ್ಲ ಬರುತ್ತದೆಂದು ಯಾರೋ ಹೇಳಿದ್ದರು, ಸಹಿಸಿದೆ.

ಹತ್ತನೇ ದಿನ ನಾಲಗೆಯ ಬದಿಯಲ್ಲಿ ಎರಡು, ಕೆಳತುಟಿಯ ಒಳಗೆ ಒಂದು ಹುಣ್ಣೆದ್ದಿತು. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಭಾವನ ಮುಖ ನೆನಪಾಯಿತು. ಎಲ್ಲರೂ ಮಲಗಿದ ಮೇಲೆ ಟಾರ್ಚು, ಕನ್ನಡಿ ಹಿಡಿದು ಬಚ್ಚಲಿಗೆ ಹೋದೆ. ಬಾಯಿ ಅಗಲಿಸಿ ನೋಡಿದರೆ ಎಡ ಕೆನ್ನೆಯ ಒಳಗೆ, ಬಾಯಿಯ ಮೂಲೆಯ ಹತ್ತಿರ, ಸುಣ್ಣ ಬಳಿದಂತೆ ಬಿಳಿ ಮಚ್ಚೆ. ನಾನು ಯಾವಾಗಲೂ ಬೀಡಿ ಕಚ್ಚುವ ಬದಿ ಅದು. ಬೆರಳಿನಿಂದ ಉಜ್ಜಿದರೂ ಹೋಗಲಿಲ್ಲ.

ಬೀಡಿ ಬಿಟ್ಟದ್ದಕ್ಕೇ ಹೀಗಾಯಿತೋ ಏನೋ ಎಂಬ ಹುಚ್ಚು ಯೋಚನೆಯೂ ಬಂತು. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಕಳೆ ಕೀಳಲು ಹೋದರೂ ನಾಲಗೆ ಆ ಜಾಗವನ್ನೇ ತಡವುವುದು. ರಾತ್ರಿ ಮತ್ತೆ ಟಾರ್ಚು. ಹೆಂಡತಿ ಒಂದು ದಿನ ಬಚ್ಚಲಿನ ಬಾಗಿಲಲ್ಲಿ ಹಿಡಿದಳು. ತೋರಿಸಲೇಬೇಕಾಯಿತು.

ನೋಡಿದಳು, ಅಳಲಿಲ್ಲ. "ಗೇರು ಮರದ ಬುಡದಲ್ಲಿ ಪುಡಿ ಕಂಡರೆ ಅದೇ ದಿನ ಉಳಿ ಹಿಡಿದು ಗುಡ್ಡೆಗೆ ಹೋಗುವವರು ನೀವು. ನಿಮ್ಮ ಬಾಯಿಗೆ ಮಾತ್ರ ಹದಿನೈದು ದಿನ ಎಂತಕ್ಕೆ?"

ಗೇರು ಇರುವವರಿಗೆ ಈ ಮಾತು ಬೇಗ ಅರ್ಥವಾದೀತು. ಕಾಂಡ ಕೊರೆಯುವ ಹುಳ ಬಿದ್ದ ಮರ ಮೇಲಿಂದ ನೋಡಿದರೆ ಹಸಿರಾಗಿಯೇ ಇರುತ್ತದೆ. ಬುಡದಲ್ಲಿ ಅಂಟು, ಮರದ ಪುಡಿ ಕಂಡಾಗಲೇ ತೊಗಟೆ ಬಿಡಿಸಿ ಹುಳ ತೆಗೆದರೆ ಮರ ಉಳಿಯುತ್ತದೆ. ಎಲೆ ಹಳದಿಯಾದ ಮೇಲೆ ಮಾಡಿದ ಕೆಲಸ ಹೆಚ್ಚಾಗಿ ದಂಡವೇ.

ಮಣಿಪಾಲದಲ್ಲಿ

ಮರುದಿನವೇ ಹಿರಿಯಡಕ, ಪರ್ಕಳದ ದಾರಿಯಾಗಿ ಹೋಗುವ ಬಸ್ಸು ಹತ್ತಿದೆವು. ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳು ಗುಡ್ಡೆಯಲ್ಲಿ ಮೆಡಿಕಲ್ ಕಾಲೇಜು ತೆರೆದದ್ದು 1953ರಲ್ಲಿ, ದಂತ ವೈದ್ಯಕೀಯ ಕಾಲೇಜು ಬಂದದ್ದು 1965ರಲ್ಲಿ. ಅಷ್ಟು ಹತ್ತಿರ ಇದ್ದೂ ಹಲ್ಲು ನೋಯದೆ ಬಾಯಿ ತೋರಿಸಲು ಹೋಗುವುದು ನಮಗೆ ಅಭ್ಯಾಸ ಇಲ್ಲ.

ದಂತ ಕಾಲೇಜಿನಲ್ಲಿ ನೋಡಿದ ಡಾಕ್ಟರಮ್ಮ ನನ್ನ ಮಗಳ ಪ್ರಾಯದವರು. ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಬದಿ, ಅಡಿ, ಅಂಗಳು ಎಲ್ಲ ನೋಡಿದರು. ಕೊರಳು ಒತ್ತಿ ಗಂಟು ಹುಡುಕಿದರು. ಆಮೇಲೆ ಹೇಳಿದರು:

"ನೀವು ಹೆದರಿದ್ದು ಈ ಹುಣ್ಣಿಗೆ ಅಲ್ವಾ? ಬೀಡಿ, ಸಿಗರೇಟು ಬಿಟ್ಟ ತುಂಬ ಮಂದಿಗೆ ಮೊದಲ ಕೆಲವು ವಾರ ಇಂಥ ಸಣ್ಣ ಹುಣ್ಣು ಬರುತ್ತದೆ, ತನ್ನಿಂದ ತಾನೇ ಮಾಯುತ್ತದೆ. ನಿಮ್ಮದು ಮಾಯುತ್ತಾ ಉಂಟು. ನಾವು ನೋಡಬೇಕಾದ್ದು ಈ ಬಿಳಿ ಮಚ್ಚೆಯನ್ನು. ಇದು ಬೀಡಿ ಬಿಟ್ಟದ್ದರಿಂದ ಬಂದದ್ದಲ್ಲ, ಎಳೆದದ್ದರಿಂದ ಬಂದದ್ದು. ಎಷ್ಟು ವರ್ಷದಿಂದ ಇತ್ತೋ, ನೀವು ನೋಡಿರಲಿಲ್ಲ ಅಷ್ಟೆ."

ಇದಕ್ಕೆ ಲ್ಯುಕೋಪ್ಲೇಕಿಯಾ ಎಂದು ಹೆಸರು. ಎಲ್ಲ ಬಿಳಿ ಮಚ್ಚೆ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಕೆಂಪು ಮಚ್ಚೆಯಾದರೆ ಅಪಾಯ ಇನ್ನೂ ಜಾಸ್ತಿ. ಕಣ್ಣಿನಿಂದ ನೋಡಿ ಯಾವುದೆಂದು ಹೇಳಲಾಗದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಕ್ಕಿ ಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಬೇಕು. ಅದೇ ಬಯಾಪ್ಸಿ.

"ಕತ್ತಿ ತಾಗಿದರೆ ಹರಡುತ್ತದೆ ಅಂತ ಹೇಳುತ್ತಾರಲ್ಲ?" ಎಂದು ಕೇಳಿದೆ. ಅವರು ನಗಲಿಲ್ಲ. "ಅದು ತಪ್ಪು ತಿಳುವಳಿಕೆ. ಆ ಹೆದರಿಕೆಯಿಂದ ತಡ ಮಾಡಿ ಬರುವವರೇ ತುಂಬ" ಎಂದರು. ಎರಡು ಹೊಲಿಗೆ ಬಿತ್ತು. ವಾರ ಬಿಟ್ಟು ಬರಲು ಹೇಳಿದರು.

ಅರ್ಧ ಬೀಡಿ

ಆ ವಾರದಷ್ಟು ಉದ್ದದ ವಾರ ನಾನು ಕಂಡಿಲ್ಲ. ಮೂರನೇ ರಾತ್ರಿ ಮನಸ್ಸು ಹೇಳಿತು: ಕ್ಯಾನ್ಸರೇ ಆದರೆ ಇನ್ನು ಬಿಟ್ಟು ಪ್ರಯೋಜನ ಎಂತ? ಅಲ್ಲದಿದ್ದರೆ ಒಂದು ಎಳೆದರೆ ನಷ್ಟ ಎಂತ? ಎರಡೂ ಕಡೆಯಿಂದ ಬೀಡಿಗೇ ಗೆಲುವು. ಗೆರಸೆಯಿಂದ ಒಂದು ಎತ್ತಿ, ಒಲೆಯ ಕೆಂಡದಲ್ಲಿ ಹೊತ್ತಿಸಿ ಅರ್ಧ ಎಳೆದೆ. ಹೊಲಿಗೆ ಹಾಕಿದ ಜಾಗ ಉರಿಯಿತು. ಉಳಿದರ್ಧ ಒಲೆಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಗೆರಸೆ ಅಟ್ಟ ಸೇರಿತ್ತು. ಅಂದಿನಿಂದ ಅವಳು ಬೀಡಿ ಕಟ್ಟಲು ಪಕ್ಕದ ಮನೆಯ ಜಗಲಿಗೆ ಹೋಗುತ್ತಾಳೆ.

ಊರಿನ ಆಶಾ ಕಾರ್ಯಕರ್ತೆಯೇ ದಾರಿ ಹೇಳಿದ್ದು. "ಅಣ್ಣ, ಉಡುಪಿಯ ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಉಂಟು. ಒಮ್ಮೆ ಹೋಗಿ ಮಾತಾಡಿ." ಅಜ್ಜರಕಾಡಿಗೆ ಹೋದೆ. ಅಲ್ಲಿಯವರು ಬೈಯಲಿಲ್ಲ. ಯಾವ ಹೊತ್ತಿಗೆ ಆಸೆ ಬರುತ್ತದೆ ಎಂದು ಬರೆಸಿಕೊಂಡರು. ಬೆಳಗ್ಗಿನ ಚಾ, ಉಂಡ ಮೇಲೆ, ಗದ್ದೆಯ ಬದುವಿನಲ್ಲಿ ಕೂತಾಗ. ಆಸೆ ಬಂದರೆ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ನೀರು ಕುಡಿ, ಎದ್ದು ನಡೆ, ಕೈಗೆ ಕೆಲಸ ಕೊಡು ಎಂದರು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ಡಾಕ್ಟರು ಬರೆದುಕೊಟ್ಟರು. "ಅರ್ಧ ಬೀಡಿ ಎಳೆದದ್ದು ಸೋಲಲ್ಲ. ಇನ್ನೊಂದು ಹೊತ್ತಿಸಿದರೆ ಸೋಲು" ಎಂದರು. ಆ ಮಾತು ನನ್ನನ್ನು ಎತ್ತಿತು.

ಎಲೆಯಲ್ಲಿ ಸುತ್ತಿದ ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು ನಾನು ನಂಬಿದ್ದೆ. ಅದೂ ತಪ್ಪು. ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಬೀಡಿ ಆಗಾಗ ಆರುತ್ತದೆ. ಆರದಿರಲು ಜೋರಾಗಿ, ಪದೇ ಪದೇ ಎಳೆಯುತ್ತೇವೆ. ಒಳಗೆ ಹೋಗುವ ಟಾರು ಕಡಿಮೆಯೇನಲ್ಲ.

ವಾರ ಕಳೆದು ಮಣಿಪಾಲದಲ್ಲಿ ರಿಪೋರ್ಟು ಸಿಕ್ಕಿತು. "ಕ್ಯಾನ್ಸರ್ ಅಲ್ಲ" ಎಂದರು. ಹೆಂಡತಿ ಅಲ್ಲೇ ಬೆಂಚಿನಲ್ಲಿ ಕುಳಿತಳು. "ಆದರೆ ಜೀವಕಣಗಳು ಸ್ವಲ್ಪ ಬದಲಾಗಲು ಶುರುವಾಗಿದೆ. ಬೀಡಿ ಮುಟ್ಟಬಾರದು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು." ಹುಣ್ಣುಗಳು ಅಷ್ಟರಲ್ಲಿ ಮಾಯಿದ್ದವು. ಮೊದಲ ಮೂರು ತಿಂಗಳಲ್ಲಿ ಮಚ್ಚೆ ತೆಳ್ಳಗಾಯಿತು. ಗೇರು ಹೆಕ್ಕುವ ಹೊತ್ತಿಗೆ ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ಹೋಯಿತೆಂದು ತಪಾಸಣೆ ಬಿಡುವ ಹಾಗಿಲ್ಲ. ಬೀಡಿ ಬಿಟ್ಟವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಅರ್ಧಕ್ಕೆ ಇಳಿಯಲು 5ರಿಂದ 10 ವರ್ಷ ಬೇಕಂತೆ. ಸಸಿ ನೆಟ್ಟು ಫಸಲಿಗೆ ಕಾಯುವ ನಮಗೆ ಇದೇನು ಹೊಸತಲ್ಲ.

ಟಾರ್ಚಿನಿಂದ ಉಳಿದ ಜೀವ

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 43 ಸಾವಿರ ಮಂದಿಗೆ ಹೊಸದಾಗಿ ಬಾಯಿ ಕ್ಯಾನ್ಸರ್ ಬಂದಿದೆ ಎಂದು ಅಂದಾಜು. 2016-17ರ ಸರಕಾರಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರು ದೊಡ್ಡವರಲ್ಲಿ ಸುಮಾರು 23 ಮಂದಿ ತಂಬಾಕು ಸೇದುವವರು ಅಥವಾ ಜಗಿಯುವವರು.

ಪಕ್ಕದ ಕೇರಳದಲ್ಲಿ ನಡೆದ ಒಂದು ಕೆಲಸ ನಾವು ತಿಳಿಯಬೇಕಾದ್ದು. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಿಂದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಜನರ ಬಾಯಿ ನೋಡಿದರು. ಬೇಕಾದದ್ದು ಬೆಳಕು ಮತ್ತು ಕಣ್ಣು, ಅಷ್ಟೇ. ಕೆಲವು ಪಂಚಾಯತುಗಳಲ್ಲಿ ನೋಡಿ, ಕೆಲವನ್ನು ಹೋಲಿಕೆಗೆ ಬಿಟ್ಟು ಲೆಕ್ಕ ಹಾಕಿದರು. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಡಿಮೆ. ಈಗ ನಮ್ಮ ಆರೋಗ್ಯ ಕೇಂದ್ರಗಳಲ್ಲೂ 30 ದಾಟಿದವರ ಬಾಯಿ ತಪಾಸಣೆಯ ಕಾರ್ಯಕ್ರಮ ಉಂಟು. ನಾವಾಗಿಯೇ ಹೋಗಿ ಕೇಳಬೇಕು.

ಇನ್ನೊಂದು ಮಾತು ಬರೆಯಲು ಕೈ ಹಿಂಜರಿಯುತ್ತದೆ. ಈ ಪತ್ರಿಕೆ ಓದುವವರಲ್ಲಿ ಅಡಿಕೆ ಬೆಳೆಯುವವರು ಇದ್ದಾರೆ. ನನ್ನ ಅಂಗಳದ ಬದಿಯಲ್ಲೂ ನಾಲ್ಕು ಮರ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ನಾನು ವಾದಕ್ಕೆ ಹೋಗುವವನಲ್ಲ. ಅಡಿಕೆ ಜಗಿಯುವವರಲ್ಲಿ ಕೆನ್ನೆ ಒಳಗೆ ನಾರಿನಂತೆ ಬಿಗಿದು ಬಾಯಿ ತೆರೆಯಲಾಗದೆ ಹೋಗುವುದನ್ನು ಡಾಕ್ಟರು ದಿನಾ ನೋಡುತ್ತಾರಂತೆ. ತೋಟದ ಬೆಲೆ ಬೇರೆ, ಬಾಯಿಯ ಬೆಲೆ ಬೇರೆ.

ತಿಂಗಳಿಗೊಮ್ಮೆ ಕನ್ನಡಿ

ನಾನು ಈಗ ಪ್ರತಿ ಸಂಕ್ರಮಣದ ದಿನ ಬೆಳಕಿಗೆ ನಿಂತು ಬಾಯಿ ನೋಡುತ್ತೇನೆ. ಕ್ರಮ ಇಷ್ಟೆ. ಬಾಯಿ ಮುಕ್ಕಳಿಸಿ, ತುಟಿ ಮಗುಚಿ ಒಳಗೆ ನೋಡುವುದು. ಎರಡೂ ಕೆನ್ನೆ ಬೆರಳಿನಿಂದ ಎಳೆದು ನೋಡುವುದು. ವಸಡು, ಅಂಗಳು. ನಾಲಗೆ ಹೊರಚಾಚಿ ಎರಡು ಬದಿ, ಮೇಲೆತ್ತಿ ಅಡಿ. ಕೊರಳಿನ ಎರಡೂ ಕಡೆ ತಡವಿ ಗಂಟು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹೋಗುತ್ತವೆಯೋ ನೋಡುವುದು.

ಎರಡು ವಾರದಲ್ಲಿ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ನುಂಗಲು ಕಷ್ಟ. ಇದರಲ್ಲಿ ಒಂದು ಕಂಡರೂ ಡಾಕ್ಟರಿಗೆ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ಭಾವನಿಗೂ ನೋವಿರಲಿಲ್ಲ. ಬಿಡಲು ಸಹಾಯ ಬೇಕಾದರೆ 1800-11-2356ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ನನ್ನ ಮನೆಯ ಲೆಕ್ಕ ಪೂರ್ತಿ ಸರಿಯಾಗಿಲ್ಲ. ಹೆಂಡತಿ ಈಗಲೂ ಬೀಡಿ ಕಟ್ಟುತ್ತಾಳೆ. ಆ ಪುಡಿ ಅವಳ ಎದೆಗೂ ಒಳ್ಳೆಯದಲ್ಲ. "ಬಿಡು" ಎಂದರೆ, "ಮೊದಲು ಗೇರಿಗೆ ಬೆಲೆ ಬರಲಿ, ಆಮೇಲೆ ಹೇಳಿ" ಎನ್ನುತ್ತಾಳೆ. ಉತ್ತರ ನನ್ನಲ್ಲಿಲ್ಲ. ಬೀಡಿಯ ಸಂಪಾದನೆಗೆ ಬದಲಾಗಿ ಬೆಟ್ಟಿನಲ್ಲಿ ಬೇರೇನಾದರೂ ಮಾಡಿ ಗೆದ್ದ ಮನೆಯವರಿದ್ದರೆ ದಯವಿಟ್ಟು ಈ ಪುಟಗಳಲ್ಲಿ ಬರೆಯಿರಿ. ನಾವಿಬ್ಬರೂ ಓದುತ್ತೇವೆ.